ಕಲಸಿದ ಚಿತ್ರವೆಲ್ಲ ಗುಟ್ಟಿನ ಚಿತ್ರವೇ?

ನಮಸ್ಕಾರ. ಆರಂಭದ ಅತಿ ಸಣ್ಣ ವ್ಯತ್ಯಾಸವೂ ಮುಂದೆ ಭಾರಿ ಅಂತರವಾಗುವ ಬಗೆಯನ್ನು ವಿವರಿಸುವ ಕೇಯಾಸ್ ಸಿದ್ಧಾಂತವನ್ನು ಬಳಸಿ ಡಿಜಿಟಲ್ ಚಿತ್ರಗಳನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಕೀಲಿಯಿಲ್ಲದವರಿಗೆ ತಿಳಿಯದಂತೆ ಮರೆಮಾಡುವ ಹೊಸ ಹೊಸ ವಿಧಾನಗಳು ಪ್ರಕಟವಾಗುತ್ತಲೇ ಇವೆ. ಅವುಗಳ ಗಣಿತ ನನಗೆ ಬಹಳ ಇಷ್ಟ. ಅವು ಕೊಡುವ ಭದ್ರತೆಯ ಭರವಸೆಯನ್ನು ಮಾತ್ರ ನಾನು ನಂಬುವುದಿಲ್ಲ.

1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ತಮ್ಮ ಹವಾಮಾನದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮತ್ತೆ ನಡೆಸುವಾಗ 0.506127ರ ಬದಲು 0.506 ಎಂದಷ್ಟೇ ಕೊಟ್ಟರು. ಲೆಕ್ಕ ಮುಂದುವರಿದಂತೆ ಹಿಂದಿನ ಫಲಿತಾಂಶದ ಗುರುತೇ ಉಳಿಯಲಿಲ್ಲ. ಇಂಥ ಆರಂಭದ ಸಂಖ್ಯೆಯನ್ನೇ ರಹಸ್ಯ ಕೀಲಿಯಾಗಿಸಿ, ಅದರಿಂದ ಹುಟ್ಟುವ ಸರಣಿಗೆ ತಕ್ಕಂತೆ ಪಿಕ್ಸೆಲ್‌ಗಳ ಜಾಗವನ್ನೂ ಬೆಲೆಯನ್ನೂ ಬದಲಿಸಿದರೆ, ಕೀಲಿಯಲ್ಲಿ ಕೂದಲೆಳೆಯಷ್ಟು ತಪ್ಪಿದವರಿಗೂ ಚಿತ್ರ ದಕ್ಕದು ಎಂಬುದು ಈ ವಿಧಾನಗಳ ವಾದ.

ಆದರೆ ಕೇಯಾಸ್ ಗಣಿತ ಕೇಳುವುದು ಕೊನೆಯಿಲ್ಲದ ದಶಮಾಂಶಗಳನ್ನು, ಯಂತ್ರ ಸಾಮಾನ್ಯವಾಗಿ ಕೊಡುವುದು 64 ಬಿಟ್‌ಗಳನ್ನು, ಅಂದರೆ 0 ಅಥವಾ 1 ಬರೆಯುವ 64 ಜಾಗಗಳನ್ನು. ಎಣಿಕೆಗೆ ಸಿಗುವಷ್ಟೇ ಸಂಖ್ಯೆಗಳ ನಡುವೆ ಓಡುವ ಸರಣಿ ಎಂದಾದರೂ ತಾನು ನಡೆದ ಹಾದಿಗೇ ಮರಳಲೇಬೇಕು. ಪ್ರತಿ ಹೆಜ್ಜೆಗೂ ಸಂಖ್ಯೆಯನ್ನು ಇಮ್ಮಡಿಗೊಳಿಸಿ ಮಡಚುವ ಟೆಂಟ್ ಮ್ಯಾಪ್ ಎಂಬ ಸೂತ್ರವನ್ನು ಹಾಗೆಯೇ ಬರೆದು ಓಡಿಸಿ ನೋಡಿ: ಹೆಜ್ಜೆಗೊಂದು ಬಿಟ್ ಕಳೆದುಕೊಂಡು, ಸಾಮಾನ್ಯವಾಗಿ ನೂರು ಹೆಜ್ಜೆಗಳೊಳಗೆ ಅದು ಸೊನ್ನೆಯಲ್ಲಿ ನಿಂತುಬಿಡುತ್ತದೆ. ಪಿಕ್ಸೆಲ್ ಕಲಸಲು ಬಳಸುವ ಆರ್ನಾಲ್ಡ್‌ನ ಕ್ಯಾಟ್ ಮ್ಯಾಪ್ ಇನ್ನೂ ತಮಾಷೆಯದು. 124 ಪಿಕ್ಸೆಲ್ ಬದಿಯ ಚೌಕ ಚಿತ್ರವನ್ನು ಅದರಿಂದ 15 ಸಲ ಕಲಸಿದರೆ, ಕೀಲಿಯ ಹಂಗಿಲ್ಲದೆ ಮೂಲ ಚಿತ್ರವೇ ಎದುರು ಬರುತ್ತದೆ.

ಇನ್ನು ಈ ವಿಧಾನಗಳನ್ನು ಒರೆಗೆ ಹಚ್ಚುವ ಕ್ರಮ. ಮೂಲದಲ್ಲಿ ಒಂದು ಪಿಕ್ಸೆಲ್ ಬದಲಿಸಿದಾಗ ಗೂಢಚಿತ್ರದ ಸುಮಾರು 99.61 ಶೇಕಡಾ ಪಿಕ್ಸೆಲ್‌ಗಳು ಬದಲಾದರೆ ವಿಧಾನ ಭದ್ರ ಎಂದು ಹೇಳುವುದು ವಾಡಿಕೆ. ಆ ಅಂಕಿಗೆ ಗಹನವಾದ ಅರ್ಥವೇನಿಲ್ಲ: 256 ಛಾಯೆಗಳಿರುವ, ಪರಸ್ಪರ ಸಂಬಂಧವಿಲ್ಲದ ಎರಡು ಯಾದೃಚ್ಛಿಕ ಚಿತ್ರಗಳನ್ನು ಹೋಲಿಸಿದರೂ ಬರುವುದು 256ರಲ್ಲಿ 255, ಅಂದರೆ ಅಷ್ಟೇ. ದುರ್ಬಲ ವಿಧಾನವೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. 1998ರಲ್ಲಿ ಜೆಸ್ಸಿಕಾ ಫ್ರಿಡ್ರಿಕ್ ರೂಪಿಸಿದ, ಅನೇಕರು ಅನುಸರಿಸಿದ ವಿಧಾನವನ್ನೇ 2010ರಲ್ಲಿ ಭೇದಿಸಿ ತೋರಿಸಲಾಯಿತು.

ಚಿತ್ರಗಳು ದೊಡ್ಡವು, ನೆರೆಯ ಪಿಕ್ಸೆಲ್‌ಗಳು ಒಂದನ್ನೊಂದು ಹೋಲುತ್ತವೆ, ಆದ್ದರಿಂದ 2001ರಲ್ಲಿ ಮಾನಕವಾದ ಎಇಎಸ್ ಎಂಬ ಎನ್‌ಕ್ರಿಪ್ಷನ್ ವಿಧಾನ ಅವಕ್ಕೆ ಒಗ್ಗದು ಎನ್ನುವವರಿದ್ದಾರೆ. ಮಾಹಿತಿಯ ಪ್ರತಿ ಬ್ಲಾಕನ್ನೂ, ಅಂದರೆ ತುಂಡನ್ನೂ, ಬಿಡಿಬಿಡಿಯಾಗಿ ಮರೆಮಾಡುವ ಇಸಿಬಿ ಕ್ರಮದಲ್ಲಿ ಚಿತ್ರದ ಹೊರರೇಖೆ ಇಣುಕುವುದು ನಿಜ. ಆದರೆ ಅದು ಬಳಸಿದ ಕ್ರಮದ ದೋಷ, ಎಇಎಸ್‌ನದಲ್ಲ. ಪ್ರತಿ ಬ್ಲಾಕಿಗೂ ಬೇರೆ ಬೇರೆ ಎಣಿಕೆ ಸಂಖ್ಯೆ ಬಳಸುವ ಕೌಂಟರ್ ಕ್ರಮದಲ್ಲಿ, ಒಂದೇ ಕೀಲಿಯೊಡನೆ ಕೌಂಟರಿನ ಬೆಲೆ ಮರುಬಳಕೆಯಾಗದಂತೆ ನೋಡಿಕೊಂಡರೆ, ಆ ರೇಖೆ ಕಾಣಿಸುವುದಿಲ್ಲ. ವೇಗದ ದೂರಿಗೂ ಈಗ ಬಲವಿಲ್ಲ, ಏಕೆಂದರೆ ಇಂದಿನ ಬಹುಪಾಲು ಪ್ರೊಸೆಸರ್‌ಗಳಲ್ಲಿ ಎಇಎಸ್‌ಗೆಂದೇ ಪ್ರತ್ಯೇಕ ಆದೇಶಗಳಿವೆ.