ರೈಲು ಕಳೆದುಕೊಳ್ಳುವ ನಿಮಿಷಗಳು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿ ಸುಮಾರು 138 ಕಿಲೋಮೀಟರ್. ಗಂಟೆಗೆ 160 ಕಿಲೋಮೀಟರ್ ಓಡಬಲ್ಲ ವಂದೇ ಭಾರತ್ 2022ರ ನವೆಂಬರ್‌ನಿಂದ ಇಲ್ಲಿ ಓಡುತ್ತಿದೆ. ಆದರೂ ಈ ಎರಡು ಊರುಗಳ ನಡುವೆ ಅದಕ್ಕೆ ಹತ್ತಿರಹತ್ತಿರ ಎರಡು ಗಂಟೆ ಬೇಕು. ಸರಾಸರಿ ತೆಗೆದರೆ ವೇಗ ಎಪ್ಪತ್ತರ ಆಸುಪಾಸು. ಉಳಿದ ವೇಗ ಎಲ್ಲಿ ಸೋರಿಹೋಗುತ್ತದೆ ಎಂದು ನೋಡದೆ, ರೈಲಿಗೆ ಸುರಿಯುವ ಹಣ ಸಾರ್ಥಕವೇ ಎಂದು ತೀರ್ಮಾನಿಸಲಾಗದು.

ಒಂದು ಲೆಕ್ಕ ಹಾಕೋಣ. 110ರ ವೇಗದಲ್ಲಿ ಬರುವ ಗಾಡಿಗೆ ಮುಂದೆ ಒಂದೇ ಒಂದು ಕಿಲೋಮೀಟರ್‌ನಷ್ಟು ಕಡೆ 30ರ ಮಿತಿ ಇದೆ ಎನ್ನಿ. ಬ್ರೇಕ್ ಹಾಕಲು ಮುಕ್ಕಾಲು ನಿಮಿಷ. ಆಮೇಲೆ ಆ ಒಂದು ಕಿಲೋಮೀಟರಷ್ಟೇ ಅಲ್ಲ, ಸುಮಾರು 400 ಮೀಟರ್ ಉದ್ದದ ಗಾಡಿಯ ಕೊನೆಯ ಡಬ್ಬಿ ದಾಟುವವರೆಗೂ ತೆವಳಬೇಕು. ಮತ್ತೆ ವೇಗ ಏರಲು ಒಂದೂಕಾಲು ನಿಮಿಷ. ಎಲ್ಲ ಸೇರಿ ನಷ್ಟ ಹೆಚ್ಚುಕಡಿಮೆ ಎರಡೂಮುಕ್ಕಾಲು ನಿಮಿಷ. ವೇಗವನ್ನು 110ರಿಂದ 130ಕ್ಕೆ ಏರಿಸಿ ಅಷ್ಟೇ ಸಮಯ ಉಳಿಸಬೇಕಾದರೆ 33 ಕಿಲೋಮೀಟರ್ ಹಳಿಯನ್ನು ಹದಗೊಳಿಸಬೇಕು! ಇಂಥ ಮಿತಿಗೆ ಕಾರಣವಾದ ಹಳೆಯ ಸೇತುವೆಯನ್ನೋ ಕುಸಿಯುವ ಮಣ್ಣಿನ ಏರಿಯನ್ನೋ ಸರಿಪಡಿಸುವ ಖರ್ಚು ಇದಕ್ಕಿಂತ ಎಷ್ಟೋ ಹಗುರ.

ತಿರುವುಗಳ ಕತೆ ಬೇರೆ. ಗಾಡಿ ಹೊರಕ್ಕೆ ವಾಲದಿರಲೆಂದು ನಮ್ಮ ಬ್ರಾಡ್‌ಗೇಜ್‌ನಲ್ಲಿ ಹೊರಹಳಿಯನ್ನು ಒಳಹಳಿಗಿಂತ ಗರಿಷ್ಠ 165 ಮಿಲಿಮೀಟರ್‌ವರೆಗೆ ಎತ್ತರಿಸಬಹುದು. ಅಷ್ಟು ಎತ್ತರಿಸಿದರೂ 110ಕ್ಕೆ ಸುಮಾರು 700 ಮೀಟರ್ ತ್ರಿಜ್ಯ ಬೇಕು, 130ಕ್ಕೆ 970ರಷ್ಟು. ಎತ್ತರ ಹೆಚ್ಚಿಸಿದಲ್ಲಿ ನಿಧಾನವಾಗಿ ಬರುವ ಗೂಡ್ಸ್ ಗಾಡಿಯ ಭಾರ ಒಳಹಳಿಯ ಮೇಲೆ ಬಿದ್ದು ಅದು ಬೇಗ ಸವೆಯುತ್ತದೆ. ತಿರುವನ್ನೇ ನೇರ ಮಾಡಲು ಹೊರಟರೆ ಊರೊಳಗಿನ ಮನೆ, ಗದ್ದೆಗಳನ್ನು ಕೊಳ್ಳಬೇಕು. ಎರಡು ಮೂರು ನಿಮಿಷಕ್ಕಾಗಿ ಆ ಖರ್ಚು ನನಗಂತೂ ಒಪ್ಪಿಗೆಯಿಲ್ಲ.

ಜೋಡಿ ಹಳಿಗೆ ಹಾಕಿದ ಹಣದ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಎರಡನೇ ಹಳಿಗೆ ಅಡ್ಡವಾಗಿತ್ತು. ಒಡೆಯುವಂತಿಲ್ಲ, ಅದು ಸಂರಕ್ಷಿತ ಸ್ಮಾರಕ. 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಜಾಕ್‌ಗಳ ಮೇಲೆತ್ತಿ ಪಕ್ಕಕ್ಕೆ ಸರಿಸಿದರು. ಅಷ್ಟು ಚಿಕ್ಕ ಜಾಗಕ್ಕೆ ಇಷ್ಟೆಲ್ಲ ಏಕೆಂದರೆ, ದಾರಿಯಲ್ಲಿ ಒಂದು ತುಂಡು ಒಂಟಿ ಹಳಿ ಉಳಿದರೂ ಎದುರಿನ ಗಾಡಿ ಬರುವವರೆಗೆ ಈಚೆಯದು ಕಾಯಲೇಬೇಕು. ಒಂದು ಗಾಡಿ ತಡವಾದರೆ ಹಿಂದಿನವೆಲ್ಲ ತಡ.

ಇನ್ನು ಕಣ್ಣಿಗೆ ಬೀಳದ ಕೆಲಸವೊಂದಿದೆ: ಲೂಪ್ ಲೈನಿನ ಪಾಯಿಂಟ್ಸ್. ಲೂಪ್ ಎಂದರೆ ಬೇರೆ ಗಾಡಿಗೆ ದಾರಿ ಬಿಡಲು ನಿಲ್ದಾಣದಲ್ಲಿರುವ ಪಕ್ಕದ ಹಳಿ; ಪಾಯಿಂಟ್ಸ್ ಎಂದರೆ ಗಾಡಿ ಮುಖ್ಯ ಹಳಿಯಿಂದ ಅದಕ್ಕೆ ಹೊರಳುವ ಜಾಗ. ಸಾಮಾನ್ಯವಾಗಿರುವ, ಹನ್ನೆರಡು ಅಡಿಗೆ ಒಂದಡಿಯಷ್ಟು ಪಕ್ಕಕ್ಕೆ ಸರಿಯುವ ‘ಒಂದಕ್ಕೆ ಹನ್ನೆರಡರ’ ಪಾಯಿಂಟ್‌ನಲ್ಲಿ 30ರ ಮಿತಿ. ದಪ್ಪ ಅಲಗಿನ ಹೊಸ ಸ್ವಿಚ್, ಅಂದರೆ ದಾರಿ ಬದಲಿಸಲು ಅತ್ತಿತ್ತ ಸರಿಯುವ ಹಳಿ, ಕೂಡಿಸಿ, ಲೂಪನ್ನೂ ಹದಗೊಳಿಸಿದರೆ 50. 700 ಮೀಟರ್ ಉದ್ದದ ಗೂಡ್ಸ್ ಗಾಡಿ ಒಳಸರಿಯಲು 84 ಸೆಕೆಂಡಿನ ಬದಲು 50 ಸೆಕೆಂಡು ಸಾಕು. ಹಿಂದೆ ಬರುವ ಗಾಡಿಗೆ ಅಷ್ಟು ಬೇಗ ಹಸಿರು ಸಿಗುತ್ತದೆ.

ಇದರ ಲಾಭ ವಂದೇ ಭಾರತ್‌ಗೆ ಮಾತ್ರವಲ್ಲ. ವೇಗದ ಗಾಡಿಗೆ ದಾರಿ ಬಿಡಲೆಂದು ಲೂಪಿಗೆ ತಳ್ಳುವುದು ಹೆಚ್ಚಾಗಿ ಪ್ಯಾಸೆಂಜರ್ ಗಾಡಿಯನ್ನೇ. ಮದ್ದೂರು, ಮಂಡ್ಯ, ಚನ್ನಪಟ್ಟಣದಿಂದ ದಿನವೂ ಕೆಲಸಕ್ಕೆ ಹೋಗುವವರು ನಿಂತುಕೊಂಡೇ ಬರುವುದು ಅದರಲ್ಲಿ. ಅವರ ಹತ್ತು ನಿಮಿಷವನ್ನೂ ಯೋಜನೆಯ ಲಾಭದ ಕಾಲಂನಲ್ಲಿ ಬರೆಯಬೇಕು.