ಪೆನ್‌ಡ್ರೈವ್ ಕುಗ್ಗಿದಂತೆ ಕಂಡಾಗ: ಕಮಾಂಡ್ ಲೈನ್‌ನಿಂದ ಪಾರ್ಟಿಷನ್ ಮತ್ತು ಫಾರ್ಮ್ಯಾಟ್

ಕೇಳುಗರಿಗೆ ನಮಸ್ಕಾರ. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕುವ ಉದ್ದೇಶದಿಂದ 32 ಜಿಬಿಯ ಪೆನ್‌ಡ್ರೈವ್‌ಗೆ ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನ ಐಎಸ್‌ಒ ಫೈಲನ್ನು, ಅಂದರೆ ಇಡೀ ಸಿಡಿಯ ಯಥಾಪ್ರತಿಯನ್ನು, ಬರೆದುಕೊಂಡು, ಕೆಲಸ ಮುಗಿದ ಮೇಲೆ ಅದೇ ಪೆನ್‌ಡ್ರೈವ್‌ಗೆ ಹಾಡುಗಳನ್ನೋ ಮದುವೆಯ ಫೋಟೋಗಳನ್ನೋ ತುಂಬಿಸಲು ಹೊರಟವರಲ್ಲಿ ಅನೇಕರು ಒಂದು ವಿಚಿತ್ರವನ್ನು ಕಂಡಿರುತ್ತೀರಿ. ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದರಲ್ಲಿ ಕೆಲವೇ ಎಂಬಿಯಷ್ಟು ಜಾಗ ಕಾಣುತ್ತದೆ. ಇಲ್ಲವೇ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸೂಚನೆ ಬರುತ್ತದೆ. ಹೇಳಿದಂತೆ ಫಾರ್ಮ್ಯಾಟ್ ಮಾಡಿದರೂ ಜಾಗ ಹೆಚ್ಚುವುದಿಲ್ಲ. ಪೆನ್‌ಡ್ರೈವ್ ಕೆಟ್ಟಿತೆಂದು ಅದನ್ನು ಮೇಜಿನ ಡ್ರಾಯರಿಗೆ ಎಸೆದವರೂ ಇದ್ದಾರೆ. ಅದು ಕೆಟ್ಟಿರುವುದಿಲ್ಲ. ಮೌಸ್‌ನ ಬಲಗುಂಡಿ ಒತ್ತಿದಾಗ ಸಿಗುವ ಫಾರ್ಮ್ಯಾಟ್ ಎಂಬ ಸೌಲಭ್ಯಕ್ಕೆ ನಿಲುಕದ ಒಂದು ಪದರದಲ್ಲಿ ಅದರ ತೊಡಕು ಇದೆ, ಅಷ್ಟೆ. ಆ ಪದರವನ್ನು ಕಮಾಂಡ್ ಲೈನ್‌ನಿಂದ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಿಂದ, ತಲುಪುವುದು ಹೇಗೆ ಎಂಬುದೇ ಇಂದಿನ ಮಾತು.

ಒಂದು ಪೆನ್‌ಡ್ರೈವನ್ನು ಬಳಕೆಗೆ ಸಿದ್ಧಪಡಿಸುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಪಾರ್ಟಿಷನ್, ಎರಡನೆಯದು ಫಾರ್ಮ್ಯಾಟ್. ಜಮೀನಿಗೆ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸುವುದು ಒಂದು ಕೆಲಸ, ಹಾಗೆ ಗುರುತಾದ ತುಂಡಿನೊಳಗೆ ಮನೆ ಕಟ್ಟುವುದು ಇನ್ನೊಂದು. ಬಲಗುಂಡಿಯ ಫಾರ್ಮ್ಯಾಟ್ ಈಗಿರುವ ಕಲ್ಲುಗಳ ಒಳಗೇ ಮನೆಯನ್ನು ಕೆಡವಿ ಕಟ್ಟುತ್ತದೆಯೇ ಹೊರತು ಕಲ್ಲುಗಳನ್ನು ಕದಲಿಸುವುದಿಲ್ಲ. ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ನ ಮೊದಲ ಬೈಟಿನಿಂದ ಯಥಾವತ್ತಾಗಿ ಬರೆದಾಗ, ಆ ಫೈಲು ತನ್ನದೇ ಪಾರ್ಟಿಷನ್ ಪಟ್ಟಿಯನ್ನು ಹೊತ್ತು ತಂದು ಹಳೆಯ ಪಟ್ಟಿಯ ಮೇಲೆ ಕೂರಿಸುತ್ತದೆ. ಆ ಪಟ್ಟಿಯಲ್ಲಿ ವಿಂಡೋಸ್ ಓದಬಲ್ಲ ತುಂಡು ಕೆಲವೇ ಎಂಬಿಯದ್ದಾಗಿದ್ದರೆ ವಿಂಡೋಸ್ ನಮಗೆ ಅಷ್ಟನ್ನೇ ತೋರಿಸುತ್ತದೆ.

ಈ ಪಟ್ಟಿ ಎಷ್ಟು ಚಿಕ್ಕದೆಂದು ತಿಳಿದರೆ ಆಶ್ಚರ್ಯವಾಗುತ್ತದೆ. 1983ರಲ್ಲಿ ಐಬಿಎಂ ಪಿಸಿಗಾಗಿ ಬಂದ ಡಾಸ್ 2.0 ಎಂಬ ಕಾರ್ಯವ್ಯವಸ್ಥೆಯ ಕಾಲದಿಂದ ನಡೆದುಬಂದಿರುವ ಎಂಬಿಆರ್, ಅಂದರೆ ಮಾಸ್ಟರ್ ಬೂಟ್ ರೆಕಾರ್ಡ್ ಎಂಬ ಪದ್ಧತಿಯಲ್ಲಿ, ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ ಎಂಬ ತುಣುಕಿನ 512 ಬೈಟ್‌ಗಳಲ್ಲಿ 446 ಬೈಟ್ ಕಂಪ್ಯೂಟರನ್ನು ಎಬ್ಬಿಸುವ ಕೋಡಿಗೆ ಮೀಸಲು. ಆಮೇಲಿನ 64 ಬೈಟ್‌ಗಳಲ್ಲಿ ತಲಾ 16 ಬೈಟಿನ ನಾಲ್ಕು ನಮೂದುಗಳು. ಕೊನೆಯ ಎರಡು ಬೈಟ್ ಗುರುತಿನ ಮುದ್ರೆ. ನಾಲ್ಕು ಪ್ರಾಥಮಿಕ ಪಾರ್ಟಿಷನ್‌ಗಳಿಗಿಂತ ಹೆಚ್ಚು ಮಾಡಲಾಗದು ಎಂಬ ನಿಯಮ ಹುಟ್ಟಿದ್ದು ಈ ಇಕ್ಕಟ್ಟಿನಿಂದಲೇ. ಸೆಕ್ಟರ್ ಸಂಖ್ಯೆಯನ್ನು ಬರೆಯಲು ಅಲ್ಲಿ 32 ಬಿಟ್ ಮಾತ್ರ ಇರುವುದರಿಂದ ಎರಡು ಟಿಬಿಗಿಂತ ದೊಡ್ಡ ಡಿಸ್ಕನ್ನು ಈ ಪದ್ಧತಿ ಪೂರ್ತಿಯಾಗಿ ಅಳೆಯಲಾರದು. ದೊಡ್ಡ ಡಿಸ್ಕುಗಳಿಗೆ ಜಿಪಿಟಿ ಎಂಬ ಹೊಸ ಪದ್ಧತಿ ಇದೆ. ಅದು ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಇಟ್ಟುಕೊಂಡಿರುತ್ತದೆ. ಆದರೆ ಕಾರಿನ ಸ್ಟೀರಿಯೋ, ಹಳೆಯ ಟಿವಿ, ದೇವಸ್ಥಾನದ ಧ್ವನಿವರ್ಧಕಕ್ಕೆ ಜೋಡಿಸಿದ ಎಂಪಿ3 ಪ್ಲೇಯರ್ ಇಂಥವುಗಳಲ್ಲಿ ಅನೇಕಕ್ಕೆ ಜಿಪಿಟಿ ಅರ್ಥವಾಗದು. ಪೆನ್‌ಡ್ರೈವ್‌ಗೆ ಹಳೆಯ ಎಂಬಿಆರ್ ಪದ್ಧತಿಯೇ ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಲಿನಕ್ಸ್‌ನ ಕಮಾಂಡ್ ಕಿಟಕಿಯಾದ ಟರ್ಮಿನಲ್‌ಗೆ ಹೋಗೋಣ. ರೇಡಿಯೋದಲ್ಲಿ ಪರದೆಯನ್ನು ತೋರಿಸಲಾಗದು. ಆದ್ದರಿಂದ ಕಮಾಂಡುಗಳನ್ನು ಅಕ್ಷರ ಬಿಡಿಸಿ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಬಹುದು. ಎಲ್ಲಕ್ಕಿಂತ ಮೊದಲು ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಅಕ್ಷರಗಳು. ಈ ಕಮಾಂಡ್ ಕಂಪ್ಯೂಟರಿಗೆ ಅಂಟಿಕೊಂಡಿರುವ ಎಲ್ಲ ಡಿಸ್ಕುಗಳ ಹೆಸರು, ಗಾತ್ರ ಮತ್ತು ಪಾರ್ಟಿಷನ್‌ಗಳನ್ನು ಸಾಲಾಗಿ ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ಪೆನ್‌ಡ್ರೈವನ್ನು ಸಿಕ್ಕಿಸುವ ಮೊದಲೊಮ್ಮೆ, ಸಿಕ್ಕಿಸಿದ ಮೇಲೊಮ್ಮೆ ಇದನ್ನು ಕೊಟ್ಟು ನೋಡಿದರೆ ಹೊಸದಾಗಿ ಬಂದ ಸಾಲು ಯಾವುದೆಂದು ತಾನಾಗಿ ತಿಳಿಯುತ್ತದೆ. 32 ಜಿಬಿ ಎಂದು ಕೊಂಡದ್ದು ಇಲ್ಲಿ 29 ಚಿಲ್ಲರೆ ಎಂದು ಕಂಡರೆ ಗಾಬರಿ ಬೇಡ. ತಯಾರಕರು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ಈ ಕಮಾಂಡ್ 1024ರ ಗುಣಕಗಳಲ್ಲಿ ಎಣಿಸುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಕೆಲಸದಲ್ಲಿ ಆಗುವ ದೊಡ್ಡ ಅನಾಹುತಗಳೆಲ್ಲ ಹೆಸರಿನ ಗೊಂದಲದಿಂದಲೇ ಆಗುತ್ತವೆ. ಹಳೆಯ ಬಗೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಎಸ್‌ಡಿಎ ಎಂಬುದು ನಿಮ್ಮ ಇಡೀ ವ್ಯವಸ್ಥೆ ಕುಳಿತಿರುವ ಡಿಸ್ಕು, ಎಸ್‌ಡಿಬಿ ಎಂಬುದು ಪೆನ್‌ಡ್ರೈವ್. ಆದರೆ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಡಿಸ್ಕಿಗೆ ಎನ್‌ವಿಎಂಇ ಎಂದು ಶುರುವಾಗುವ ಬೇರೆ ಹೆಸರಿರುತ್ತದೆ. ಅಲ್ಲಿ ಸಿಕ್ಕಿಸಿದ ಮೊದಲ ಪೆನ್‌ಡ್ರೈವ್‌ಗೇ ಎಸ್‌ಡಿಎ ಎಂಬ ಹೆಸರು ಬರುತ್ತದೆ. ಹೊಸ ಲ್ಯಾಪ್‌ಟಾಪ್‌ನವರು ಬರೆದುಕೊಟ್ಟ ಟಿಪ್ಪಣಿಯನ್ನು ಹಳೆಯ ಕಂಪ್ಯೂಟರಿನವರು ಅಕ್ಷರಶಃ ಟೈಪ್ ಮಾಡಿದರೆ ಅಳಿಸಿಹೋಗುವುದು ಪೆನ್‌ಡ್ರೈವ್ ಅಲ್ಲ, ಅವರ ಇಡೀ ಕಂಪ್ಯೂಟರು. ಲ್ಯಾಪ್‌ಟಾಪ್‌ನಲ್ಲೇ ಇರುವ ಕಿಂಡಿಗೆ ಹಾಕಿದ ಮೆಮೊರಿ ಕಾರ್ಡ್ ಎಂಎಂಸಿಬಿಎಲ್‌ಕೆ ಎಂಬ ಇನ್ನೊಂದೇ ಹೆಸರಿನಲ್ಲಿ ಬರಬಹುದು. ಸಾಲದ್ದಕ್ಕೆ, ಪೆನ್‌ಡ್ರೈವನ್ನು ಕಿತ್ತು ಮತ್ತೆ ಹಾಕಿದಾಗ ಮೊದಲಿನ ಹೆಸರೇ ಸಿಗುತ್ತದೆಂಬ ಖಾತರಿಯೂ ಇಲ್ಲ. ಆ ಪಟ್ಟಿಯಲ್ಲಿ ಆರ್‌ಎಂ ಎಂಬ ಅಂಕಣವಿದ್ದು, ತೆಗೆದುಹಾಕಬಹುದಾದ ಡಿಸ್ಕಿನೆದುರು ಒಂದು, ಉಳಿದವುಗಳೆದುರು ಸೊನ್ನೆ ಇರುತ್ತದೆ. ಅದನ್ನೊಂದನ್ನೇ ನಂಬುವಂತಿಲ್ಲ, ಯುಎಸ್‌ಬಿಗೆ ಹಾಕುವ ಹಾರ್ಡ್ ಡಿಸ್ಕುಗಳೆದುರೂ ಸೊನ್ನೆ ಕಾಣುವುದುಂಟು. ಗಾತ್ರ, ಮಾಡೆಲ್ ಹೆಸರು, ಯಾವ ದಾರಿಯಿಂದ ಜೋಡಣೆಯಾಗಿದೆ ಎಂಬುದು, ಈ ಮೂರೂ ತಾಳೆಯಾದರೆ ಮಾತ್ರ ಮುಂದುವರಿಯಬೇಕು.

ನಮ್ಮ ಪೆನ್‌ಡ್ರೈವ್ ಎಸ್‌ಡಿಬಿ ಎಂದೇ ಖಚಿತವಾಯಿತೆಂದುಕೊಳ್ಳೋಣ. ಸಿಕ್ಕಿಸಿದ ಕೂಡಲೇ ಲಿನಕ್ಸ್ ಅದನ್ನು ತಾನಾಗಿಯೇ ತೆರೆದಿಟ್ಟಿರುತ್ತದೆ. ಆದ್ದರಿಂದ ಯುಮೌಂಟ್ ಕಮಾಂಡಿನಿಂದ ಅದರ ಪಾರ್ಟಿಷನ್‌ಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಈ ಕಮಾಂಡಿನಲ್ಲಿ ಯು ಆದಮೇಲೆ ಎನ್ ಅಕ್ಷರ ಇಲ್ಲವೆಂಬುದನ್ನು ಗಮನಿಸಿ. ಆಮೇಲೆ ಆಡಳಿತಗಾರನ ಅಧಿಕಾರ ಕೊಡುವ ಸುಡೋ ಎಂಬ ಪದವನ್ನು ಮೊದಲಿಗೆ ಸೇರಿಸಿ, ವೈಪ್‌ಎಫ್‌ಎಸ್ ಎಂಬ ಕಮಾಂಡಿಗೆ ಹೈಫನ್ ಎ ಕೊಟ್ಟು ಇಡೀ ಡಿಸ್ಕಿನ ಹೆಸರನ್ನು, ಅಂದರೆ ಸ್ಲ್ಯಾಶ್ ಡೆವ್ ಸ್ಲ್ಯಾಶ್ ಎಸ್‌ಡಿಬಿ ಎಂದು ಕೊಡಬೇಕು. ಇದು ಹಳೆಯ ಗುರುತುಗಳನ್ನು ಒರೆಸುತ್ತದೆ. ಐಎಸ್‌ಒ ಬರೆದ ಪೆನ್‌ಡ್ರೈವ್‌ಗೆ ಈ ಹೆಜ್ಜೆ ಏಕೆ ಬೇಕೆಂದರೆ, ಐಎಸ್‌ಒದ ಗುರುತು ಡಿಸ್ಕಿನ ಆರಂಭದಿಂದ ಸುಮಾರು 32 ಕೆಬಿ ದೂರದಲ್ಲಿ ಇರುತ್ತದೆ. ನಾವು ಹೊಸದಾಗಿ ಮಾಡುವ ಪಾರ್ಟಿಷನ್ ಶುರುವಾಗುವುದು 2048ನೇ ಸೆಕ್ಟರಿನಿಂದ, ಅಂದರೆ ಒಂದು ಎಂಬಿ ದಾಟಿದ ಮೇಲೆ. ನಡುವೆ ಉಳಿದ ಆ ಗುರುತನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಯಾವುದೂ ಮುಟ್ಟುವುದಿಲ್ಲ, ಮತ್ತು ಕೆಲವು ತಂತ್ರಾಂಶಗಳು ಅದನ್ನು ಕಂಡು ಪೆನ್‌ಡ್ರೈವನ್ನು ಇನ್ನೂ ಸಿಡಿ ಎಂದೇ ಬಗೆಯುತ್ತವೆ.

ಈಗ ಎಫ್‌ಡಿಸ್ಕ್. ಸುಡೋ ಎಫ್‌ಡಿಸ್ಕ್ ಎಂದು ಬರೆದು ಅದೇ ಹೆಸರನ್ನು ಕೊಟ್ಟರೆ ಅದು ಒಂದೊಂದೇ ಅಕ್ಷರದ ಆದೇಶಗಳಿಗಾಗಿ ಕಾಯುತ್ತ ಕೂರುತ್ತದೆ. ಮೊದಲು ಪಿ ಒತ್ತಿ ಡಿಸ್ಕಿನ ಗಾತ್ರವನ್ನೂ ಮಾಡೆಲ್ಲನ್ನೂ ಇನ್ನೊಮ್ಮೆ ನೋಡಿಕೊಳ್ಳಿ. ಓ ಒತ್ತಿದರೆ ಖಾಲಿ ಎಂಬಿಆರ್ ಪಟ್ಟಿ ಸಿದ್ಧವಾಗುತ್ತದೆ. ಎನ್ ಒತ್ತಿದರೆ ಹೊಸ ಪಾರ್ಟಿಷನ್. ಅದು ಕೇಳುವ ಪ್ರಶ್ನೆಗಳಿಗೆಲ್ಲ ಎಂಟರ್ ಒತ್ತುತ್ತಾ ಹೋದರೆ ಇಡೀ ಪೆನ್‌ಡ್ರೈವ್ ಒಂದೇ ಪಾರ್ಟಿಷನ್ ಆಗುತ್ತದೆ. ಟಿ ಒತ್ತಿ ಪಾರ್ಟಿಷನ್ನಿನ ಬಗೆಯನ್ನು ಹೇಳಬೇಕು: ಫ್ಯಾಟ್32 ಆದರೆ ಸಿ ಎಂಬ ಅಕ್ಷರ, ಎಕ್ಸ್‌ಫ್ಯಾಟ್ ಆದರೆ 7 ಎಂಬ ಅಂಕಿ. ಫೈಲುಗಳನ್ನು ಜೋಡಿಸಿಡುವ ಈ ಎರಡು ಪದ್ಧತಿಗಳ ವ್ಯತ್ಯಾಸವನ್ನು ಮುಂದೆ ಹೇಳುತ್ತೇನೆ. ಇಷ್ಟೆಲ್ಲ ಮಾಡಿದರೂ ಡಿಸ್ಕಿನ ಮೇಲೆ ಇನ್ನೂ ಒಂದು ಬೈಟೂ ಬದಲಾಗಿರುವುದಿಲ್ಲ. ಡಬ್ಲ್ಯೂ ಒತ್ತಿದಾಗ ಮಾತ್ರ ಬರವಣಿಗೆ ನಡೆಯುತ್ತದೆ. ಅನುಮಾನ ಬಂದರೆ ಕ್ಯೂ ಒತ್ತಿ ಏನೂ ಆಗದಂತೆ ಹೊರಬರಬಹುದು. ಹೊಸಬರಿಗೆ ನಾನು ಪಾರ್ಟೆಡ್ ಎಂಬ ಇನ್ನೊಂದು ಸಾಧನವನ್ನು ಬಿಟ್ಟು ಇದನ್ನೇ ಸೂಚಿಸಲು ಇದೇ ಕಾರಣ. ಪಾರ್ಟೆಡ್‌ನಲ್ಲಿ ಪ್ರತಿ ಆದೇಶವೂ ಕೊಟ್ಟ ಕ್ಷಣದಲ್ಲೇ ಜಾರಿಯಾಗುತ್ತದೆ, ಮನಸ್ಸು ಬದಲಿಸಲು ಅವಕಾಶವಿಲ್ಲ.

ಪಾರ್ಟಿಷನ್ ಆಯಿತು, ಇನ್ನು ಫಾರ್ಮ್ಯಾಟ್. ಯಾವ ಫೈಲ್ ಸಿಸ್ಟಮ್, ಅಂದರೆ ಫೈಲುಗಳನ್ನು ಜೋಡಿಸಿಡುವ ಯಾವ ಪದ್ಧತಿ ಎಂಬುದನ್ನು ಆ ಪೆನ್‌ಡ್ರೈವ್ ಹೋಗಿ ಸೇರುವ ಯಂತ್ರ ತೀರ್ಮಾನಿಸಬೇಕು. ಫ್ಯಾಟ್32ನ್ನು ಹೆಚ್ಚುಕಡಿಮೆ ಎಲ್ಲ ಯಂತ್ರಗಳೂ ಓದುತ್ತವೆ. ಆದರೆ ಅದರಲ್ಲಿ ಒಂದು ಫೈಲ್ ನಾಲ್ಕು ಜಿಬಿಯನ್ನು ಮುಟ್ಟುವಂತಿಲ್ಲ. ಮದುವೆ ವಿಡಿಯೋ ಕಾಪಿ ಆಗುತ್ತಾ ಆಗುತ್ತಾ ನಡುವೆ ನಿಂತುಹೋಗಿ, ಡ್ರೈವ್‌ನಲ್ಲಿ ಬೇಕಾದಷ್ಟು ಜಾಗವಿದ್ದರೂ ಫೈಲ್ ತೀರಾ ದೊಡ್ಡದು ಎಂಬ ಉತ್ತರ ಬರುವುದು ಇದರಿಂದಲೇ. ಎಕ್ಸ್‌ಫ್ಯಾಟ್‌ನಲ್ಲಿ ಆ ಮಿತಿ ಇಲ್ಲ. ಮೈಕ್ರೋಸಾಫ್ಟ್ ಅದರ ವಿವರಗಳನ್ನು 2019ರಲ್ಲಿ ಬಹಿರಂಗಪಡಿಸಿದ ಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್ಲಿನಲ್ಲೂ ಅದಕ್ಕೆ ನೇರ ಬೆಂಬಲ ಬಂದಿದೆ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಬಗೆಯ ಮೆಮೊರಿ ಕಾರ್ಡುಗಳಿಗೆ ಎಕ್ಸ್‌ಫ್ಯಾಟ್ ಎಂಬುದೇ ನಿಗದಿತ ನಿಯಮ. ಲಿನಕ್ಸ್‌ನ ಸ್ವಂತ ಇಎಕ್ಸ್‌ಟಿ4 ಪೆನ್‌ಡ್ರೈವ್‌ಗೆ ಅಷ್ಟು ಹೊಂದುವುದಿಲ್ಲ: ವಿಂಡೋಸ್ ಅದನ್ನು ಹಾಗೇ ಓದದು, ಮತ್ತು ಅದು ಪ್ರತಿ ಫೈಲಿನ ಒಡೆತನವನ್ನೂ ನೆನಪಿಡುವುದರಿಂದ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅನುಮತಿ ಇಲ್ಲವೆಂಬ ಜಗಳ ಶುರುವಾಗುತ್ತದೆ.

ಕಮಾಂಡ್ ಹೀಗೆ: ಮೊದಲು ಸುಡೋ, ಆಮೇಲೆ ಎಂ, ಕೆ, ಎಫ್, ಎಸ್, ಚುಕ್ಕಿ, ವಿಫ್ಯಾಟ್, ಬಳಿಕ ಹೈಫನ್ ದೊಡ್ಡ ಎಫ್, 32, ಬಳಿಕ ಹೈಫನ್ ಸಣ್ಣ ಎನ್, ಅದರ ಮುಂದೆ ನೀವಿಡುವ ಹೆಸರು, ಕೊನೆಯಲ್ಲಿ ಸ್ಲ್ಯಾಶ್ ಡೆವ್ ಸ್ಲ್ಯಾಶ್ ಎಸ್‌ಡಿಬಿ1. ಕೊನೆಯ ಆ ಒಂದು ಎಂಬ ಅಂಕಿಯನ್ನು ಮರೆಯಬಾರದು. ಎಫ್‌ಡಿಸ್ಕಿಗೆ ಇಡೀ ಡಿಸ್ಕಿನ ಹೆಸರು, ಎಂಕೆಎಫ್‌ಎಸ್‌ಗೆ ಪಾರ್ಟಿಷನ್ನಿನ ಹೆಸರು.

ಹೆಸರಿಡುವ ಮಾತು ಬಂದಿದ್ದರಿಂದ, ಕನ್ನಡದಲ್ಲಿ ಹೆಸರಿಡಲು ಬಯಸುವವರಿಗೆ ಒಂದು ವಿವರ. ಫ್ಯಾಟ್32ರ ಹೆಸರಿಗೆ 11 ಬೈಟ್ ಜಾಗ, ಅದೂ ಕನ್ನಡವಿಲ್ಲದ ಹಳೆಯ ಅಕ್ಷರಪಟ್ಟಿಯಲ್ಲಿ. ಹಾಗಾಗಿ ಅಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳೇ ಗತಿ. ಇಎಕ್ಸ್‌ಟಿ4ರಲ್ಲಿ 16 ಬೈಟ್ ಇದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ‘ಕನ್ನಡ’ ಎಂಬ ಪದ ಒತ್ತಕ್ಷರದ ವಿರಾಮವೂ ಸೇರಿ ಐದು ಸಂಕೇತ, 15 ಬೈಟಾಗಿ ಹೇಗೋ ಹಿಡಿಸುತ್ತದೆ. ‘ಹಾಡುಗಳು’ ಎಂಬುದು 21 ಬೈಟಾಗಿ ಹೊರಗುಳಿಯುತ್ತದೆ. ಎಕ್ಸ್‌ಫ್ಯಾಟ್‌ನಲ್ಲಾದರೆ 11 ಯುನಿಕೋಡ್ ಸಂಕೇತಗಳಿಗೆ ಅವಕಾಶವಿದ್ದು ಅಲ್ಲಿ ‘ಹಾಡುಗಳು’ ಸಲೀಸಾಗಿ ಕೂರುತ್ತದೆ. ಈ ಇಕ್ಕಟ್ಟು ಡ್ರೈವ್‌ನ ಹೆಸರಿಗೆ ಮಾತ್ರ. ಒಳಗಿನ ಫೈಲುಗಳಿಗೆ ಫ್ಯಾಟ್32ರಲ್ಲೂ ಧಾರಾಳವಾಗಿ ಕನ್ನಡ ಹೆಸರಿಡಬಹುದು. ಕಾರಿನ ಸ್ಟೀರಿಯೋದಲ್ಲಿ ಅವು ಚೌಕಗಳಾಗಿ ಕಂಡರೆ ಅದು ಸ್ಟೀರಿಯೋದಲ್ಲಿ ಕನ್ನಡ ಫಾಂಟ್ ಇಲ್ಲದ ಫಲ, ಪೆನ್‌ಡ್ರೈವ್‌ನ ತಪ್ಪಲ್ಲ.

ವಿಂಡೋಸ್‌ನವರಿಗೆ ಇದೇ ಕೆಲಸವನ್ನು ಡಿಸ್ಕ್‌ಪಾರ್ಟ್ ಎಂಬ ಕಮಾಂಡ್ ಮಾಡಿಕೊಡುತ್ತದೆ. ಲಿಸ್ಟ್ ಡಿಸ್ಕ್ ಎಂದು ಪಟ್ಟಿ ನೋಡಿ, ಸೆಲೆಕ್ಟ್ ಡಿಸ್ಕ್ ಎಂದು ಅದರ ಸಂಖ್ಯೆ ಕೊಟ್ಟು, ಮತ್ತೊಮ್ಮೆ ಲಿಸ್ಟ್ ಡಿಸ್ಕ್ ಕೊಟ್ಟು ನಕ್ಷತ್ರದ ಗುರುತು ಸರಿಯಾದ ಸಾಲಿನ ಎದುರೇ ಇದೆಯೇ ಎಂದು ನೋಡಿಕೊಂಡ ಮೇಲೆ ಕ್ಲೀನ್ ಎಂದು ಹೇಳಬೇಕು. ಈ ಎರಡನೆಯ ನೋಟವನ್ನು ದಯವಿಟ್ಟು ಬಿಡಬೇಡಿ, ಏಕೆಂದರೆ ಕ್ಲೀನ್ ಎಂದಾಗ ಅದು ಖಚಿತವೇ ಎಂದು ಮರುಪ್ರಶ್ನೆ ಹಾಕುವುದಿಲ್ಲ. ಬಳಿಕ ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ, ಆಮೇಲೆ ಫಾರ್ಮ್ಯಾಟ್, ಕೊನೆಗೆ ಅಸೈನ್. ಒಂದೇ ಪೆನ್‌ಡ್ರೈವ್‌ನಲ್ಲಿ ಎರಡು ಮೂರು ಪಾರ್ಟಿಷನ್ ಮಾಡುವ ಆಸೆಯುಳ್ಳವರು, 2017ರ ಪರಿಷ್ಕರಣೆಗಿಂತ ಹಿಂದಿನ ವಿಂಡೋಸ್‌ಗಳಲ್ಲಿ ಮೊದಲನೆಯದಷ್ಟೇ ಕಾಣುತ್ತದೆ ಎಂಬುದನ್ನು ತಿಳಿದಿರಬೇಕು.

ಕಾಪಿ ಮಾಡಿದ ಮೇಲೆ ಎಸ್, ವೈ, ಎನ್, ಸಿ, ಅಂದರೆ ಸಿಂಕ್ ಎಂಬ ಕಮಾಂಡನ್ನು ಕೊಟ್ಟು ಅದು ಮುಗಿಯುವ ತನಕ ಕಾಯಿರಿ. ಲಿನಕ್ಸ್ ಬರೆಯಬೇಕಾದ್ದನ್ನು ಮೊದಲು ರ್‍ಯಾಮ್‌ನಲ್ಲಿ ಇಟ್ಟುಕೊಂಡು ನಿಧಾನವಾಗಿ ಪೆನ್‌ಡ್ರೈವ್‌ಗೆ ಇಳಿಸುತ್ತದೆ. ಪರದೆಯಲ್ಲಿ ಕಾಪಿ ಮುಗಿಯಿತೆಂದು ಕಂಡೊಡನೆ ಕಿತ್ತರೆ ಕೊನೆಯ ಕೆಲವು ಫೈಲುಗಳು ಅರ್ಧಂಬರ್ಧವಾಗಿರುತ್ತವೆ.

ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವನ್ನು ಬೇರೆಯವರಿಗೆ ಕೊಡುವವರಿಗೆ ಇನ್ನೊಂದು ಮಾತು. ಎಂಕೆಎಫ್‌ಎಸ್ ಆಗಲಿ ಕ್ವಿಕ್ ಫಾರ್ಮ್ಯಾಟ್ ಆಗಲಿ ಹೊಸ ಖಾಲಿ ಪಟ್ಟಿಯನ್ನು ಬರೆಯುತ್ತವೆಯೇ ಹೊರತು ಹಳೆಯ ಫೈಲುಗಳ ಒಡಲನ್ನು ಅಳಿಸುವುದಿಲ್ಲ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಆ ಫೋಟೋಗಳಲ್ಲಿ ಬಹುಪಾಲನ್ನು ಮತ್ತೆ ಹೆಕ್ಕಿ ಕೊಡಬಲ್ಲದು. ಅಕಸ್ಮಾತ್ ಅಳಿಸಿಕೊಂಡವರಿಗೆ ಇದು ವರ. ಅವರು ಮಾಡಬೇಕಾದ್ದೆಂದರೆ ಆ ಡ್ರೈವ್‌ಗೆ ಹೊಸದೇನನ್ನೂ ಬರೆಯದಿರುವುದು. ಆದರೆ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳಿದ್ದ ಪೆನ್‌ಡ್ರೈವ್ ಕೈಬದಲಾಗುವುದಾದರೆ ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್ ಆಲ್ ಎಂದು ಕೊಟ್ಟು ಪ್ರತಿ ಸೆಕ್ಟರಿಗೂ ಸೊನ್ನೆ ತುಂಬಿಸುವುದು ಮೇಲು. ಹಾಗೆ ಮಾಡಿದರೂ ಫ್ಲ್ಯಾಶ್ ಚಿಪ್ಪು ತನ್ನ ಸವೆತ ಹಂಚಲು ಮೀಸಲಿಟ್ಟ ಭಾಗಗಳಲ್ಲಿ ಹಳೆಯ ತುಣುಕುಗಳು ಉಳಿಯಬಹುದು, ಆದ್ದರಿಂದ ತೀರಾ ಗುಟ್ಟಿನ ಕಾಗದಗಳಿದ್ದ ಡ್ರೈವನ್ನು ಕೊಡದೆ ಇಟ್ಟುಕೊಳ್ಳುವುದೇ ಲೇಸು.

ಕೊನೆಯದಾಗಿ, ಅಗ್ಗಕ್ಕೆ ಸಿಕ್ಕ ದೊಡ್ಡ ಗಾತ್ರದ ಕಾರ್ಡುಗಳ ಬಗ್ಗೆ. ಒಳಗೆ 8 ಜಿಬಿ ಚಿಪ್ಪು ಇಟ್ಟು ಹೊರಗೆ 256 ಜಿಬಿ ಎಂದು ಹೇಳಿಕೊಳ್ಳುವ ನಕಲಿ ಕಾರ್ಡುಗಳಿಗೆ ಪಾರ್ಟಿಷನ್ನೂ ಫಾರ್ಮ್ಯಾಟೂ ಯಾವ ದೂರೂ ಇಲ್ಲದೆ ಆಗುತ್ತವೆ. ಫೈಲುಗಳೂ ಕಾಪಿ ಆದಂತೆ ಕಾಣುತ್ತವೆ. ತೆರೆಯಲು ಹೋದಾಗ ಮಾತ್ರ ನಿಜ ಬಯಲಾಗುತ್ತದೆ. ಎಫ್3 ಎಂಬ ತಂತ್ರಾಂಶದ ಎಫ್3ರೈಟ್ ಕಮಾಂಡ್ ಕಾರ್ಡಿನ ಖಾಲಿ ಜಾಗವನ್ನೆಲ್ಲ ಪರೀಕ್ಷಾ ಫೈಲುಗಳಿಂದ ತುಂಬುತ್ತದೆ, ಎಫ್3ರೀಡ್ ಕಮಾಂಡ್ ಅವನ್ನು ಮರಳಿ ಓದಿ ಎಷ್ಟು ಉಳಿದಿದೆ, ಎಷ್ಟು ಕೆಟ್ಟಿದೆ ಎಂದು ಲೆಕ್ಕ ಒಪ್ಪಿಸುತ್ತದೆ. ದೊಡ್ಡ ಕಾರ್ಡಾದರೆ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಅಂಗಡಿಗೆ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಒಂದು ರಾತ್ರಿ ಅದನ್ನು ಓಡಲು ಬಿಡಿ. ನಮಸ್ಕಾರ.