ಹಳೆಯ ಸ್ಕ್ಯಾನ್ ಎಲ್ಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಯಾರದೋ ಕೈಯಲ್ಲಿ ಈಗ ಒಂದು ವರದಿ ಇರಬಹುದು. ‘ಬಲ ಶ್ವಾಸಕೋಶದಲ್ಲಿ 8 ಮಿಲಿಮೀಟರಿನ ನಾಡ್ಯೂಲ್’ ಎಂದು ಅದರಲ್ಲಿ ಬರೆದಿದೆ. ನೀವು ಆಗಲೇ ಮೊಬೈಲಿನಲ್ಲಿ ಹುಡುಕಿ ಹುಡುಕಿ ನಿದ್ದೆ ಕೆಡಿಸಿಕೊಂಡಿದ್ದೀರಿ. ಮೊಬೈಲನ್ನು ಪಕ್ಕಕ್ಕಿಡಿ, ಹತ್ತು ನಿಮಿಷ ನನ್ನ ಮಾತು ಕೇಳಿ.

ನಾಡ್ಯೂಲ್ ಎಂದರೆ ಗಂಟು, 3 ಸೆಂಟಿಮೀಟರ್ ದಾಟದ ಗಂಟು. ಸಣ್ಣ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಎಂದೋ ಬಂದು ಮಾಗಿದ ಕ್ಷಯದ ಕಲೆಯೋ, ಬೇರಾವುದೋ ಸೋಂಕಿನ ಗುರುತೋ ಆಗಿರುತ್ತದೆ. ಎಲ್ಲರೂ ನನ್ನನ್ನು ಕೇಳುವುದು ‘ಎಷ್ಟು ದೊಡ್ಡದಿದೆ ಡಾಕ್ಟರೇ?’ ಎಂದು. ನಾನು ಅವರನ್ನು ಕೇಳುವುದು ‘ಹಳೆಯ ಸ್ಕ್ಯಾನ್ ಎಲ್ಲಿದೆ?’ ಎಂದು.

ಕೆಲವು ಗಂಟುಗಳು ಸಿ.ಟಿ. ಚಿತ್ರದಲ್ಲೇ ತಮ್ಮ ಗುಟ್ಟು ಬಿಟ್ಟುಕೊಡುತ್ತವೆ. ನಟ್ಟನಡುವೆ ಸುಣ್ಣ ಕಟ್ಟಿ ಬೆಳ್ಳಗೆ ಹೊಳೆದರೆ, ಒಳಗೆ ಕೊಬ್ಬು ಕಂಡರೆ, ನೆಮ್ಮದಿಯಾಗಿರಿ. ಅಂಚು ನುಣುಪಾಗಿರದೆ ಸುತ್ತಲೂ ಕಿರಣಗಳಂತೆ ಚಾಚಿಕೊಂಡಿದ್ದರೆ ನಾನು ಕುರ್ಚಿಯನ್ನು ಮುಂದಕ್ಕೆಳೆದುಕೊಳ್ಳುತ್ತೇನೆ. ಉಳಿದವು ಯಾವ ಸುಳಿವನ್ನೂ ಕೊಡದೆ ಕುಳಿತಿರುತ್ತವೆ. ಅವುಗಳ ಬಾಯಿ ಬಿಡಿಸಲು ಎರಡು ಬೇರೆ ಬೇರೆ ದಿನಾಂಕಗಳ ಚಿತ್ರಗಳು ಬೇಕು.

ಏಕೆಂದರೆ ಕ್ಯಾನ್ಸರ್ ಬೆಳೆಯುತ್ತದೆ. ಕ್ಯಾನ್ಸರಿನ ಗಟ್ಟಿ ಗಂಟು ಸಾಮಾನ್ಯವಾಗಿ 400 ದಿನಗಳೊಳಗೆ ಇಮ್ಮಡಿಯಾಗುತ್ತದೆ. ಇಮ್ಮಡಿ ಎಂದರೆ 8 ಮಿಲಿಮೀಟರ್ 16 ಆಗುವುದಲ್ಲ. ಗಂಟು ಚೆಂಡಿನಂತೆ ಎಲ್ಲ ದಿಕ್ಕಿಗೂ ಊದುತ್ತದೆ, ಅಡ್ಡಳತೆ 8 ಇದ್ದದ್ದು 10 ಆದರೆ ಸಾಕು, ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಯಿತು! ಆ ಎರಡು ಮಿಲಿಮೀಟರನ್ನು ಹಿಡಿಯಲು ವರದಿಯ ಕಾಗದ ಸಾಲದು, ಚಿತ್ರಗಳಿರುವ ಸಿ.ಡಿ. ಬೇಕು. ಎರಡು ವರ್ಷ ಕದಲದೆ ಇದ್ದ ಗಟ್ಟಿ ಗಂಟನ್ನು ನಾವು ಅದರ ಪಾಡಿಗೆ ಬಿಟ್ಟುಬಿಡುತ್ತೇವೆ.

ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು. ಶಸ್ತ್ರಚಿಕಿತ್ಸೆಗೆ ದಿನವೂ ಗೊತ್ತಾಗಿತ್ತು. ಹಳೆಯ ಸ್ಕ್ಯಾನ್ ಕೇಳಿದೆ. ‘ಜನ್ಮದಲ್ಲಿ ಮಾಡಿಸಿಲ್ಲ’ ಎಂದರು. ಮತ್ತೆ ಕೇಳಿದೆ, ಮುಖ ಸಿಂಡರಿಸಿದರು. ಮೂರನೆಯ ಸಲ ಕೇಳಿದಾಗ ಅವರ ಪತ್ನಿ ಮೆಲ್ಲಗೆ, ‘ಕಿಡ್ನಿ ಕಲ್ಲಿಗೆ ಒಂದು ಮಾಡಿಸಿದ್ದೆವಲ್ಲ’ ಎಂದರು. ಮೇಷ್ಟ್ರು ಗದರಿದರು: ‘ಅದು ಹೊಟ್ಟೆಯದು ಕಣೇ!’

ಹೊಟ್ಟೆಯದೇ. ಆದರೆ ಹೊಟ್ಟೆಯ ಸ್ಕ್ಯಾನಿನ ಮೊದಲ ಕೆಲವು ಚಿತ್ರಗಳಲ್ಲಿ ಶ್ವಾಸಕೋಶದ ತಳಭಾಗವೂ ಬೀಳುತ್ತದೆ. ಇವರ ಗಂಟು ಇದ್ದದ್ದೂ ಅಲ್ಲೇ. ಮರುದಿನ ಆ ತಾಯಿ ಬೀರುವಿನಲ್ಲಿ ಸೀರೆಗಳ ಅಡಿಯಿಂದ ಹುಡುಕಿ ಸಿ.ಡಿ. ತಂದರು. ಮೇಲೆಲ್ಲ ಗೀರು. ಎರಡು ಸಲ ತಿರುಗಿ ನಿಂತೇಹೋಯಿತು, ಮೂರನೆಯ ಸಲ ತೆರೆಯಿತು. ಪರದೆಯ ಕಪ್ಪು ಬಿಳುಪನ್ನು ಶ್ವಾಸಕೋಶಕ್ಕೆ ತಕ್ಕಂತೆ ಹೊಂದಿಸಿದೆ. ನಾಲ್ಕನೆಯ ಚಿತ್ರದಲ್ಲಿ ಅದೇ ಜಾಗ, ಅದೇ ಗಂಟು, ಅದೇ 8 ಮಿಲಿಮೀಟರ್! ದಿನಾಂಕ ನೋಡಿದರೆ ಮೂರು ವರ್ಷಕ್ಕೂ ಹಿಂದಿನದು. ಅಂದು ಕಲ್ಲು ಹುಡುಕುತ್ತಿದ್ದವರು ಗಂಟನ್ನು ಗಮನಿಸಿರಲಿಲ್ಲ. ಶಸ್ತ್ರಚಿಕಿತ್ಸೆ ರದ್ದಾಯಿತು. ಮೇಷ್ಟ್ರು ಎದ್ದು ನಿಂತು ಕೇಳಿದ್ದೇನು ಗೊತ್ತೇ? ‘ಇನ್ನು ಈ ಸಿ.ಡಿ.ಯನ್ನು ಎಸೆಯಬಹುದಲ್ಲ?’

ನನಗೆ ಏನನ್ನಿಸಿತೆಂದು ಬಾನುಲಿಯಲ್ಲಿ ಹೇಳುವಂತಿಲ್ಲ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಮಸುಕು ಗಾಜಿನಂತೆ ಕಾಣುವ ಗಂಟಿನ ಜಾತಿಯೇ ಬೇರೆ. ಅದು ಕ್ಯಾನ್ಸರಾಗಿದ್ದರೂ ಆಮೆಯಂತೆ ತೆವಳುತ್ತದೆ. ಅದಕ್ಕೆ ಎರಡು ವರ್ಷ ಸಾಲದು, ಐದು ವರ್ಷ ಕಣ್ಣಿಡಬೇಕು. ನಡುವೆ ಗಟ್ಟಿ ತಿರುಳು ಮೂಡಿದರೆ ತಡಮಾಡುವಂತಿಲ್ಲ. ಮೂಡಿದ್ದು ಹೇಗೆ ಗೊತ್ತಾಗಬೇಕು? ಹಳೆಯ ಸ್ಕ್ಯಾನ್ ಇದ್ದರೆ ತಾನೇ! ಪೆಟ್ ಸ್ಕ್ಯಾನ್, ಬಯಾಪ್ಸಿ ಎಂದು ಎರಡು ಹಾಳೆ ಬರೆದು ತಂದಿದ್ದೆ, ಅವು ಹಾಗೆಯೇ ಉಳಿದವು. ನಮಸ್ಕಾರ.